ಒಂದು ನಿಂಬೆಹಣ್ಣಿನ ದೂರ

ನಮ್ಮ ಊರಿನಲ್ಲಿ ಒಂದು ನಿಂಬೆಹಣ್ಣು ಬೇಕಾದರೆ ನಾನು ಮೊದಲು ಅಕ್ಕನನ್ನು ಕೇಳಬೇಕು. ಮನೆಯಿಂದ ಅಂಗಡಿಗಳಿಗೆ ನಾಲ್ಕೂವರೆ ಕಿಲೋಮೀಟರ್, ನಡುವೆ ಹೆದ್ದಾರಿ. ಅದರ ಪಕ್ಕದಲ್ಲಿ ನಡೆಯಲು ಜಾಗವೇ ಇಲ್ಲ. ಕಬ್ಬಿಣದ ಬೇಲಿ, ಬೇಲಿಯಾಚೆ ಚರಂಡಿ. ಬಸ್ಸು ಬೆಳಗ್ಗೆ ಒಂದು, ಸಂಜೆ ಒಂದು. ಹಾಗಾಗಿ ಅಡುಗೆಮನೆಯಿಂದಲೇ ಕೂಗುತ್ತೇನೆ, "ಅಕ್ಕಾ, ನಿಂಬೆಹಣ್ಣು ಮುಗಿದಿದೆ." ಅವಳು ಹೊರಗಿನಿಂದ ಹೇಳುತ್ತಾಳೆ, "ಚಪ್ಪಲಿ ಹಾಕ್ಕೋ, ಗಾಡಿ ತೆಗೀತೀನಿ." ಒಂದು ದಿನವೂ ಬೇಸರಿಸಿಕೊಂಡವಳಲ್ಲ. ಬೇಸರಿಸಿಕೊಂಡಿದ್ದರೆ ನನಗೆ ಸುಲಭವಾಗುತ್ತಿತ್ತು.

ಎರಡು ವರ್ಷ ನಾಲ್ಕು ತಿಂಗಳ ಹಿಂದೆ ಕಣ್ಣಿನ ಡಾಕ್ಟರು ನನ್ನ ದೃಷ್ಟಿಯ ನಕ್ಷೆಯನ್ನು ಮೇಜಿನ ಮೇಲೆ ಹರಡಿದರು. ಕಾಣುವ ಭಾಗ ಬಿಳಿ, ಕಾಣದ ಭಾಗ ಕಪ್ಪು. ಹಾಳೆಯ ನಡುವೆ ಬಳೆಯಷ್ಟು ಬಿಳಿ ಉಳಿದಿತ್ತು. "ಓದಬಹುದು, ಕೆಲಸ ಮಾಡಬಹುದು. ಕತ್ತಲಾದ ಮೇಲೆ ಜೋಪಾನ. ಗಾಡಿ ಮಾತ್ರ ಓಡಿಸಬೇಡಿ" ಎಂದರು. ನಾನು ಕುಡಿಯುವ ನೀರನ್ನು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಕೆಲಸ ಮಾಡುವವಳು. ಅಳತೆಯ ಜೊತೆ ವಾದ ಮಾಡುವ ಅಭ್ಯಾಸ ನನಗಿಲ್ಲ. ಆ ವಾರವೇ ಲೈಸೆನ್ಸ್ ಹಿಂತಿರುಗಿಸಿದೆ.

ಅಕ್ಕನ ಕೆಲಸವೋ, ಡ್ರೈವಿಂಗ್ ಕಲಿಸುವುದು. ಊರಿನ ಅರ್ಧ ಜನ ಅವಳಿಂದ ಬೈಸಿಕೊಂಡೇ ಸ್ಟೀರಿಂಗ್ ಹಿಡಿದವರು. ಅವಳ ಗಾಡಿಯಲ್ಲಿ ಕಲಿಸುವವರ ಸೀಟಿನ ಮುಂದೆಯೂ ಒಂದು ಬ್ರೇಕ್ ಇದೆ. ಅದನ್ನು ಅವಳು ಎಷ್ಟು ಧಾರಾಳವಾಗಿ ಒತ್ತುತ್ತಾಳೆಂದರೆ, ಶಿಷ್ಯರು ಬೆನ್ನ ಹಿಂದೆ ಅವಳನ್ನು ಬ್ರೇಕಮ್ಮ ಎನ್ನುತ್ತಾರೆ. ನನ್ನನ್ನು ಕರೆದೊಯ್ಯುವಾಗ ಅವಳು ಗಾಡಿ ಓಡಿಸುತ್ತಾಳೆ, ನಾನು ಗುರುಗಳ ಸೀಟಿನಲ್ಲಿ ಕೂರುತ್ತೇನೆ. "ಕಾಲು ಆ ಕಡೆ ಇಟ್ಕೋ. ಬ್ರೇಕ್ ಮುಟ್ಟಿದ್ರೆ ಇಳಿಸಿ ಹೋಗ್ತೀನಿ" ಎಂದು ದಿನವೂ ಹೆದರಿಸುತ್ತಾಳೆ.

ನನಗೆ ಬೇಕಾಗಿದ್ದದ್ದು ದೊಡ್ಡದೇನಲ್ಲ. ಯಾರಿಗೂ ಹೇಳದೆ ಚಪ್ಪಲಿ ಮೆಟ್ಟಿ ಹೊರಡುವುದು. ಅರ್ಧ ದಾರಿಯಲ್ಲಿ ಮನಸ್ಸು ಬದಲಾಗಿ ಬೇರೆ ಬೀದಿಗೆ ತಿರುಗುವುದು. ಮಳೆ ಬಂದರೆ ಯಾವುದೋ ಅಂಗಡಿಯ ಮುಂದೆ ನಿಂತು, ಗುರುತಿಲ್ಲದವರ ಜೊತೆ ಸೇರಿ ಮಳೆಯನ್ನು ಬೈಯುವುದು. ಊಟವಾದ ಮೇಲೆ ನಾನು ಬೇರೆ ಬೇರೆ ಊರುಗಳ ಬಸ್ಸು, ಟ್ರಾಮ್‌ಗಳ ವೇಳಾಪಟ್ಟಿ ಓದುತ್ತಾ ಕೂರುತ್ತಿದ್ದೆ. ಹತ್ತು ನಿಮಿಷಕ್ಕೊಂದು, ಎಂಟು ನಿಮಿಷಕ್ಕೊಂದು ಎಂದು ಬರೆದಿರುವ ಕಡೆ ಬೆರಳು ತಾನಾಗಿ ನಿಲ್ಲುತ್ತಿತ್ತು. ನಾನಿಲ್ಲದ ಬೀದಿಯಲ್ಲಿ, ನನಗಾಗಿಯೇ ಎಂಬಂತೆ, ಆ ಬಸ್ಸು ಈಗಲೂ ಬಂದು ಹೋಗುತ್ತಿರುತ್ತದೆ ಎನಿಸುತ್ತಿತ್ತು.

ಒಬ್ಬಳೇ ಹೋಗಿ ನೆಲೆಸಬಹುದಾದ ಊರು ಹುಡುಕಲು ಒಂದು ವಿಧಾನ ಮಾಡಿಕೊಂಡೆ. ಬಾಡಿಗೆ ಮನೆಗಳಿರುವ ಬೀದಿಯೊಂದರಲ್ಲಿ ನಿಲ್ಲುವುದು. ಅಲ್ಲಿಂದ ಹೊರಟು, ಯಾರ ಸಹಾಯವೂ ಇಲ್ಲದೆ ಒಂದು ನಿಂಬೆಹಣ್ಣು ಕೊಂಡು ಹಿಂತಿರುಗುವುದು. ಎಷ್ಟು ನಿಮಿಷವಾಯಿತೆಂದು ಬರೆದುಕೊಳ್ಳುವುದು. ಒಂದೇ ಹಣ್ಣು ಏಕೆಂದರೆ, ನಮ್ಮ ಊರಿನಲ್ಲಿ ಅಷ್ಟಕ್ಕಾಗಿ ಗಾಡಿ ತೆಗೆಸಲು ನನಗೆ ನಾಚಿಕೆ. ರಜಾ ದಿನಗಳಲ್ಲಿ ಅಕ್ಕ ನನ್ನನ್ನು ಐದು ಊರುಗಳಿಗೆ ಕರೆದೊಯ್ದಳು. ಒಂದರಲ್ಲಿ ನಲವತ್ತು ನಿಮಿಷ ಹಿಡಿಯಿತು. ಇನ್ನೊಂದರಲ್ಲಿ ಬಸ್ಸೇನೋ ಚೆನ್ನಾಗಿತ್ತು, ಆದರೆ ಕಾಲುದಾರಿ ಮೇಲ್ಸೇತುವೆಯ ಕೆಳಗೆ ಹೋಗಿ ಸುಮ್ಮನೆ ಮುಗಿದುಬಿಟ್ಟಿತು. ಐದನೆಯದು ಟ್ರಾಮ್ ಇರುವ ನಗರ. ಒಂಬತ್ತು ನಿಮಿಷ. ಅಲ್ಲಿನ ಜಲಮಂಡಳಿಯ ಪ್ರಯೋಗಾಲಯಕ್ಕೆ ಅರ್ಜಿ ಹಾಕಿದೆ, ಕೆಲಸ ಸಿಕ್ಕಿತು. ಒಪ್ಪಿಗೆಯನ್ನು ಸೋಮವಾರದೊಳಗೆ ತಿಳಿಸಬೇಕಿತ್ತು.

ಶುಕ್ರವಾರ ಅಕ್ಕ ನನ್ನ ನೋಟ್‌ಬುಕ್ಕನ್ನು ಕೈಯಲ್ಲಿ ಹಿಡಿದು ಅಡುಗೆಮನೆಗೆ ಬಂದಳು.

"ಏ ಅಳತೆಪಟ್ಟಿ, ಇದೆಲ್ಲ ಎಷ್ಟು ಗಂಟೆಗೆ ಅಳೆದದ್ದು?"

"ಬರೆದಿದೀನಲ್ಲ. ಹನ್ನೊಂದು, ಹನ್ನೆರಡು..."

"ಐದೂ ಊರು ಮಟಮಟ ಮಧ್ಯಾಹ್ನ. ಅಲ್ಲಿ ಕೆಲಸ ಬಿಡೋದು ಎಷ್ಟು ಹೊತ್ತಿಗೆ?"

ನಾನು ಕೈಯಲ್ಲಿದ್ದ ಲೋಟ ಕೆಳಗಿಟ್ಟೆ. ಕತ್ತಲಾಗುವ ಮೊದಲು ಮನೆ ಸೇರೋಣ ಎಂದು ನಾವು ಯಾವಾಗಲೂ ಬೇಗ ಹೊರಟುಬಿಡುತ್ತಿದ್ದೆವು. ಹನ್ನೆರಡು ವರ್ಷ ಮಾದರಿ ಸಂಗ್ರಹಿಸುವ ಕೆಲಸ ಮಾಡಿದ್ದೇನೆ. ಬೇಸಿಗೆಯ ನೀರನ್ನಷ್ಟೇ ಪರೀಕ್ಷಿಸಿ ವರ್ಷದ ವರದಿ ಬರೆಯುವವರನ್ನು ಕಂಡರೆ ನಗುತ್ತಿದ್ದೆ.

"ನಾಳೆ ಸಂಜೆ ಹೋಗೋಣ" ಎಂದಳು ಅಕ್ಕ. "ಪರೀಕ್ಷೆ ನಂದು. ನಾನು ಇಪ್ಪತ್ತು ಹೆಜ್ಜೆ ಹಿಂದೆ ಬರ್ತೀನಿ. ನಾನು ಬಾಯಿಬಿಟ್ಟು ನಿಲ್ಲು ಅಂದ್ರೆ ನೀನು ಫೇಲ್. ನಮ್ಮಲ್ಲಿ ಗುರು ಬ್ರೇಕ್ ಒತ್ತಿದ್ರೆ ಶಿಷ್ಯ ಫೇಲ್."

"ಫೇಲಾದ್ರೆ?"

"ಇಲ್ಲೇ ಇರ್ತೀಯ. ನಿಂಬೆಹಣ್ಣಿಗೆ ನಾನಿದೀನಿ."

ಅವಳು ಗೆಲ್ಲಲು ಹೊರಟಿದ್ದಾಳೋ, ಸೋಲಲು ಹೊರಟಿದ್ದಾಳೋ ದನಿಯಿಂದ ತಿಳಿಯಲಿಲ್ಲ. ಬಹುಶಃ ಅವಳಿಗೂ ತಿಳಿದಿರಲಿಲ್ಲ.

ಶನಿವಾರ ಸಂಜೆ ನಗರದ ಅಂಚಿನಲ್ಲಿ ಗಾಡಿ ನಿಲ್ಲಿಸಿ ಟ್ರಾಮ್ ಹತ್ತಿದೆವು. ಪ್ರತಿ ನಿಲ್ದಾಣದ ಹೆಸರನ್ನು ಒಂದು ಹೆಣ್ಣುದನಿ ಬಿಡಿಸಿ ಹೇಳುತ್ತಿತ್ತು. ಮೊದಲೇ ಗೊತ್ತುಮಾಡಿಕೊಂಡ ಬೀದಿಯಲ್ಲಿ ಇಳಿದಾಗ ಆಕಾಶದಲ್ಲಿ ಬೆಳಕಿತ್ತು, ನೆಲದ ಮೇಲೆ ಇರಲಿಲ್ಲ. ಅಕ್ಕ ಹಿಂದೆ ಉಳಿದಳು. ನಾನು ಹೊರಟೆ.

ಮೊದಲ ದೀಪದ ಕಂಬದಿಂದ ಎರಡನೆಯದಕ್ಕೆ ಮೂವತ್ತೆರಡು ಹೆಜ್ಜೆ. ನಡುವಿನ ಹತ್ತು ಹೆಜ್ಜೆ ನನಗೆ ಏನೂ ಕಾಣಲಿಲ್ಲ. ಆದರೆ ಕಾಲುದಾರಿಯ ಅಂಚು ನೇರವಾಗಿತ್ತು, ಕಾಲಿಗೇ ತಿಳಿಯುತ್ತಿತ್ತು. ಒಂದು ಮನೆಯ ಮೊದಲ ಮಹಡಿಯಲ್ಲಿ 'ಬಾಡಿಗೆಗಿದೆ' ಎಂಬ ಫಲಕ. ಪಕ್ಕದ ಕಿಟಕಿಯಲ್ಲಿ ಹೆಂಗಸೊಬ್ಬಳು ಬಟ್ಟೆ ಮಡಚುತ್ತಿದ್ದಳು. ಒಂದು ಕ್ಷಣ ಅಲ್ಲಿ ನಿಂತು, ಆ ಕಿಟಕಿಯ ಒಳಗಿನಿಂದ ಬೀದಿ ಹೇಗೆ ಕಾಣಬಹುದೆಂದು ಯೋಚಿಸಿದೆ. ನಿಂತದ್ದನ್ನೂ ಸಮಯಕ್ಕೆ ಸೇರಿಸಬೇಕಲ್ಲ ಎಂದು ನೆನಪಾಗಿ ಮುಂದೆ ಹೋದೆ.

ರಸ್ತೆ ದಾಟುವ ಜಾಗದಲ್ಲಿ ಹಸಿರು ದೀಪ ಹತ್ತಿತು. ಒಂದು ಹೆಜ್ಜೆ ಇಟ್ಟೆ. ಎಡಗಡೆ ನನ್ನ ಬಳೆಯಷ್ಟು ನೋಟದ ಹೊರಗೆ ಏನೋ ಸರಿದ ಗಾಳಿ. ಅಷ್ಟರಲ್ಲಿ ಗಂಟೆಯ ಸದ್ದು. ನಾನು ನಿಂತೆ. ಸೈಕಲ್ಲೊಂದು ನನ್ನ ಚೀಲವನ್ನು ಸವರಿಕೊಂಡು ಹೋಯಿತು. "ಸಾರಿ ಅಕ್ಕಾ!" ಎಂದು ಸವಾರ ಕೂಗಿದ ಮಾತು ಅವನಿಗಿಂತ ಹಿಂದೆ ಉಳಿಯಿತು.

ನನ್ನ ಅಕ್ಕನ ದನಿಗಾಗಿ ಕಾದೆ. ಬರಲಿಲ್ಲ. ತಲೆಯನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ ನೋಡಿ, ದಾಟಿದೆ.

ಹಣ್ಣಿನಂಗಡಿಯವನು ಒಂದೇ ನಿಂಬೆಹಣ್ಣನ್ನು ನೋಡಿ ಹುಬ್ಬೇರಿಸಿದ. "ಒಂದಕ್ಕೋಸ್ಕರ ಯಾರಮ್ಮ ಬರ್ತಾರೆ?"

"ನಾನು ಬರ್ತೀನಿ" ಎಂದೆ.

"ಹಾಗಾದ್ರೆ ದಿನಾ ಬನ್ನಿ, ಒಂದೊಂದೇ ಕೊಡ್ತೀನಿ" ಎಂದು ನಕ್ಕ.

ಹದಿನಾಲ್ಕು ನಿಮಿಷಕ್ಕೆ ನಿಲ್ದಾಣಕ್ಕೆ ಮರಳಿದೆ. ಅಕ್ಕ ನನ್ನ ಹಿಂದೆಯೇ ಕುಂಟುತ್ತಾ ಬಂದು ಬೆಂಚಿನ ಮೇಲೆ ಕುಸಿದಳು. ಬಲಗಾಲಿನ ಚಪ್ಪಲಿಯ ಪಟ್ಟಿ ಬುಡಸಮೇತ ಕಿತ್ತುಬಂದಿತ್ತು.

"ಎಡವಿದೆಯಾ?"

"ಇಲ್ಲ."

"ಮತ್ತೆ?"

"ಬಾಯಿ ಮುಚ್ಕೊಂಡಿರ್ತೀನಿ ಅಂದಿದ್ದೆ. ಕಾಲಿನ ವಿಷಯ ಹೇಳಿರಲಿಲ್ಲ." ಅವಳು ಚಪ್ಪಲಿಯನ್ನು ತಿರುಗಿಸಿ ನೋಡಿದಳು. "ಆ ಸೈಕಲ್ ಬಂದಾಗ ಬ್ರೇಕ್ ಅಂತ ಒತ್ತಿದೆ ನೋಡು, ನೆಲಕ್ಕೇ. ಗಾಡಿಯಾಗಿದ್ರೆ ಹಿಂದಿನವರೆಲ್ಲ ಬಂದು ಗುದ್ದಿರೋರು."

ನಗು ಬಂತು.

"ನನಗಂತೂ ಬರಿಗಾಲಲ್ಲಿ ನಡೆಯೋಕಾಗಲ್ಲ" ಎಂದಳು. "ಈ ನಿನ್ನ ಊರಲ್ಲಿ ಚಪ್ಪಲಿ ಸಿಗುತ್ತಾ?"

ಹಣ್ಣಿನಂಗಡಿಯಿಂದ ಮೂರನೆಯದು ಚಪ್ಪಲಿ ಅಂಗಡಿ ಎಂದು ನೋಡಿದ್ದೆ. ನಿಂಬೆಹಣ್ಣನ್ನು ಅವಳ ಕೈಗೆ ಕೊಟ್ಟು, ಕಿತ್ತ ಚಪ್ಪಲಿಯನ್ನು ಅಳತೆಗೆಂದು ಚೀಲಕ್ಕೆ ಹಾಕಿಕೊಂಡು ಹೊರಟೆ. ಈ ಸಲ ನನ್ನ ಹಿಂದೆ ಯಾರೂ ಇರಲಿಲ್ಲ. ಮೂವತ್ತೆರಡು ಹೆಜ್ಜೆ, ದೀಪ. ಮತ್ತೆ ಮೂವತ್ತೆರಡು. ಗಡಿಯಾರ ನೋಡಲು ಮರೆತೆ. ದಾಟುವ ಜಾಗದಲ್ಲಿ ನನಗರಿವಿಲ್ಲದೆ ಕಿವಿ ಹಿಂದಕ್ಕೆ ಹೋಯಿತು, ಎಳೆದುಕೊಂಡು ಬರುವ ಒಂದು ಕಾಲಿನ ಸದ್ದಿಗಾಗಿ.

ನಾನು ಮರಳಿದಾಗ ಬೆಂಚಿನ ಮೇಲೆ ಅಕ್ಕ ನಿಂಬೆಹಣ್ಣನ್ನು ಮೂಗಿಗೆ ಹಿಡಿದು ಕೂತಿದ್ದಳು. ಹೊಸ ಚಪ್ಪಲಿ ಮೆಟ್ಟಿ, ಎದ್ದು ನಿಂತು, ಎರಡು ಸಲ ನೆಲ ತುಳಿದು ನೋಡಿದಳು.

"ಸೋಮವಾರ ಬೆಳಗ್ಗೇನೇ ಫೋನ್ ಮಾಡ್ಬಿಡು" ಎಂದಳು. "ಮಧ್ಯಾಹ್ನದವರೆಗೆ ಬಿಟ್ರೆ ನಾನೇ ಬೇಡ ಅಂದುಬಿಡ್ತೀನಿ."

ಹಿಂತಿರುಗುವಾಗ ನಾನು ಎಂದಿನಂತೆ ಗುರುಗಳ ಸೀಟಿನಲ್ಲಿ ಕೂತು, ಕಾಲನ್ನು ಬ್ರೇಕಿನಿಂದ ದೂರ ಇಟ್ಟುಕೊಂಡೆ. ಗಾಡಿಯ ತುಂಬ ನಿಂಬೆಹಣ್ಣಿನ ವಾಸನೆ. ಹೆದ್ದಾರಿ ಖಾಲಿ ಇತ್ತು. ನಿಧಾನ ಓಡಿಸುವವರನ್ನು ಕಂಡರೆ ಆಗದ ನನ್ನ ಅಕ್ಕ ಅಂದು ನಲವತ್ತರ ವೇಗದಲ್ಲಿ ಹೋಗುತ್ತಿದ್ದಳು. ಹಿಂದಿನಿಂದ ಬಂದವರು ಒಬ್ಬೊಬ್ಬರೇ ಹಾರ್ನ್ ಹೊಡೆದು ದಾಟಿಹೋದರು. ಅವಳು ಯಾರನ್ನೂ ಬೈಯಲಿಲ್ಲ. ಮುಳ್ಳು ನಲವತ್ತರಲ್ಲಿ ಇರುವುದು ನನಗೆ ಕಾಣುತ್ತಿತ್ತು.