ಪಾಚಿ ಕಿತ್ತ ಮೇಲೆ

ನಿವೃತ್ತ ನ್ಯಾಯಾಧೀಶರಿಗೆ ಮನೆಯ ಮುಂದಿನ ಹುಲ್ಲುಹಾಸೆಂದರೆ ಪ್ರಾಣ. ಹೂಪಾತಿಯ ಅಂಚಿನಲ್ಲಿ ಪಾಚಿ ಕಂಡ ದಿನದಿಂದ ಅವರಿಗೆ ಊಟ ರುಚಿಸಲಿಲ್ಲ. ಪಾಚಿ ಸಾಯಿಸುವ ಪುಡಿ ತಂದು ಎರಚಲು ಹೊರಟಾಗ ಹೆಂಡತಿ ಬಾಗಿಲಿಗೆ ಅಡ್ಡ ನಿಂತರು.

"ನಾಯಿ ಅದರ ಮೇಲೆ ಓಡಾಡಿ ಕಾಲು ನೆಕ್ಕಿದ್ರೆ ಏನ್ರೀ ಗತಿ?"

"ಆ ಕಡೆ ಹೋಗಬೇಡ ಅಂತ ಅದಕ್ಕೆ ಹೇಳ್ತೀನಿ."

"ನೀವು ಹೇಳಿದ್ದನ್ನ ಈ ಮನೇಲಿ ಯಾರು ಕೇಳಿದ್ದಾರೆ, ಅದು ಕೇಳೋಕೆ?"

ಆ ತೀರ್ಪಿಗೆ ಮೇಲ್ಮನವಿ ಇರಲಿಲ್ಲ. ಪುಡಿಯನ್ನು ಅಂಗಡಿಗೆ ವಾಪಸು ಕೊಟ್ಟು ಬಂದ ನ್ಯಾಯಾಧೀಶರು ಪ್ಯಾಂಟು ಮಡಚಿ, ಹಲ್ಲುಗಳಿರುವ ಕೈಕುಂಟೆಯಿಂದ ಪಾಚಿ ಕೆರೆಯತೊಡಗಿದರು. ಅಂಚಿನಿಂದ ಶುರುಮಾಡಿ ಕೆರೆದಷ್ಟೂ ಪಾಚಿ ಸಿಗುತ್ತಲೇ ಹೋಯಿತು. ನಾಯಿ ನಾಲಿಗೆ ಚಾಚಿಕೊಂಡು ಪಕ್ಕದಲ್ಲೇ ಕುಳಿತು ಮೇಲ್ವಿಚಾರಣೆ ನಡೆಸಿತು. ಸಂಜೆ ಸೊಂಟ ಹಿಡಿದುಕೊಂಡು ಎದ್ದು ನೋಡಿದರೆ ಅಂಗಳವೆಲ್ಲ ಬೋಳು ಮಣ್ಣು. ಅಲ್ಲೊಂದು ಇಲ್ಲೊಂದು ಹುಲ್ಲಿನೆಳೆ. ಇಷ್ಟು ವರ್ಷ ಬಂದವರಿಗೆಲ್ಲ ಅವರು ಎದೆಯುಬ್ಬಿಸಿ ತೋರಿಸಿದ್ದ ಹಸಿರು ಬಹುಪಾಲು ಪಾಚಿಯೇ ಆಗಿತ್ತು!

ಅಷ್ಟರಲ್ಲಿ ಪಕ್ಕದ ಮನೆಯ ಡಾಕ್ಟರು ಬೇಲಿಯಾಚೆಯಿಂದ ಇಣುಕಿ, "ಅಯ್ಯೋ ಸಾರ್, ಅಷ್ಟು ಚೆನ್ನಾಗಿದ್ದ ಹುಲ್ಲಿಗೆ ಏನಾಯ್ತು?" ಎಂದರು.

ನ್ಯಾಯಾಧೀಶರು ಹಿಂದೆಮುಂದೆ ನೋಡಲಿಲ್ಲ. "ಎಲ್ಲ ಈ ನಾಯಿ ಕೆಲಸ! ಅಗೆದು ಹಾಳು ಮಾಡಿಬಿಡ್ತು."

ನಾಯಿಯ ಪರ ವಾದಿಸಲು ವಕೀಲರಿರಲಿಲ್ಲ. ಯಜಮಾನರು ತನ್ನ ಮಾತೆತ್ತಿದ ಸಂತೋಷಕ್ಕೆ ಅದು ಜೋರಾಗಿ ಬಾಲ ಆಡಿಸಿತು.