ಗೋಡೆ ಬದಿಯ ಸೀಟು

ಗಾಳಿಗೆ ಜಾರಿದ್ದ ಕರಿಬಟ್ಟೆಯನ್ನು ಸಾಫ್ತಾ ಕುರ್ಚಿ ಹತ್ತಿ ಮತ್ತೆ ಬೀರುವಿನ ಕನ್ನಡಿಗೆ ಹೊದಿಸಿದಳು. ಬಚ್ಚಲಿನದನ್ನು ಮುಚ್ಚಿಯಾಗಿತ್ತು. ಅಣ್ಣ ಗಡ್ಡ ಹೆರೆದುಕೊಳ್ಳುತ್ತಿದ್ದ ಅಂಗೈಯಗಲದ ಕನ್ನಡಿಯನ್ನೂ ಬೋರಲು ಹಾಕಿಯಾಗಿತ್ತು. ಸಾವಿನ ಮನೆಯಲ್ಲಿ ಒಂದೇ ಒಂದು ಕನ್ನಡಿ ತೆರೆದಿದ್ದರೂ ಹೋದ ಜೀವ ಅದರಲ್ಲಿ ಸಿಕ್ಕಿಕೊಳ್ಳುತ್ತದೆ. ಈ ವಿಷಯದಲ್ಲಿ ಸಾಫ್ತಾ ಪಾದ್ರಿಗಿಂತ ಕಟ್ಟುನಿಟ್ಟು.

"ಇನ್ನೊಂದು ಉಳೀತಲ್ಲ. ನಿಮ್ಮಣ್ಣ ಮೀಸೆ ನೋಡ್ಕೊಳ್ತಿದ್ದ ರೈಲಿನ ಕನ್ನಡಿ. ಅದಕ್ಕೂ ಒಂದು ಬಟ್ಟೆ ಇಟ್ಕೊ," ಎಂದಳು ಅತ್ತಿಗೆ ಅಗ್ಲಾಯಾ.

ಅವಳ ದನಿಯಲ್ಲಿ ಅಳುವಿಗಿಂತ ಮುನಿಸು ಹೆಚ್ಚಿತ್ತು. ಗಂಡ ನಿಕೊಡಿಮ್ ಬೋಗಿ ಕಾರ್ಖಾನೆಯಲ್ಲಿ ಮೇಸ್ತ್ರಿಯಾಗಿದ್ದವನು. ನಿವೃತ್ತನಾದ ಮೇಲೆ ಹನ್ನೊಂದು ವರ್ಷ, ಪ್ರತಿ ಭಾನುವಾರ, ಗಂಡಹೆಂಡಿರು ಪ್ಯಾಸೆಂಜರ್ ಗಾಡಿಯಲ್ಲಿ ಅವನ ಹುಟ್ಟೂರು ವಲೆನಿಗೆ ಹೋಗಿಬರುತ್ತಿದ್ದರು. ಅವನು ಹೆಂಡತಿಯನ್ನು ಕಿಟಕಿಯ ಪಕ್ಕ ಕೂರಿಸಿ, ತಾನು ನಡುದಾರಿಯ ಆಚೆ, ಕಿಟಕಿಯೇ ಇಲ್ಲದ ಸೀಟಿನಲ್ಲಿ ಗೋಡೆಯ ಕಡೆ ತಿರುಗಿ ಕೂರುತ್ತಿದ್ದ. ಗೋಡೆಯ ಮೇಲೆ ಪುಸ್ತಕದಷ್ಟಗಲದ ಕನ್ನಡಿ. ಪಕ್ಕಕ್ಕೆ ಬಾ ಎಂದರೆ, ಇಲ್ಲೇ ಚೆನ್ನಾಗಿದೆ ಎನ್ನುತ್ತಿದ್ದ. ಹೆಂಡತಿಗಿಂತ ಗೋಡೆ ವಾಸಿ ಎಂದು ಅಗ್ಲಾಯಾ ಅರ್ಥಮಾಡಿಕೊಂಡಳು. ಮುನಿಸಿಗೆ ಅವಳೂ ಒಮ್ಮೆಯೂ ಆ ಬದಿಗೆ ಹೋಗಲಿಲ್ಲ. ಈಗ ಕೇಳೋಣವೆಂದರೆ ಅವನೇ ಇಲ್ಲ. ಮೂರು ದಿನದಿಂದ ಅವಳನ್ನು ಕೊರೆಯುತ್ತಿದ್ದದ್ದು ಇದೊಂದೇ.

ಶವಪೆಟ್ಟಿಗೆ ಪಾದ್ರಿಯ ಜೊತೆ ವ್ಯಾನಿನಲ್ಲಿ ವಲೆನಿಗೆ ಮುಂದೆ ಹೋಯಿತು. ಉಳಿದವರು ರೈಲಿನ ಜನ, ರೈಲನ್ನೇ ಹತ್ತಿದರು. ಅದೇ ಗಾಡಿ, ಅದೇ ಬೋಗಿ. ಸಾಫ್ತಾಳ ಕೈಯಲ್ಲಿ ಸತ್ತವರ ಹೆಸರಿನಲ್ಲಿ ಹಂಚುವ ಕೊಲಿವಾದ ತಟ್ಟೆ. ಬೆಂದ ಗೋಧಿಗೆ ಸಕ್ಕರೆ ಬೆರೆಸಿ, ಮೇಲೆ ಅಕ್ರೋಟಿನಿಂದ ಶಿಲುಬೆ ಬಿಡಿಸಿದ್ದಳು. ಅದನ್ನು ಎಂದಿನ ಕಿಟಕಿ ಪಕ್ಕದ ಸೀಟಿನಲ್ಲಿ ಕೂತ ಅತ್ತಿಗೆಯ ತೊಡೆಯ ಮೇಲಿಟ್ಟು ನೆಟ್ಟಗೆ ಗೋಡೆಯ ಹತ್ತಿರ ಹೋಗಿ, ರೈಲಿನ ಕನ್ನಡಿಗೂ ಕರಿಬಟ್ಟೆ ಸಿಕ್ಕಿಸಿದಳು.

ನಿಕೊಡಿಮ್‌ನ ಕೈಕೆಳಗೆ ದುಡಿದಿದ್ದ ಗವ್ರಿಲ್ ಆ ಸೀಟನ್ನು ಕಂಡು ಟೋಪಿ ತೆಗೆದ.

"ಅಯ್ಯೋ ಅಕ್ಕಾ, ಆ ಕನ್ನಡಿ ಕೂರಿಸಿದ್ದೇ ನಮ್ಮ ಮೇಸ್ತ್ರಿ. ನಿಮಗೆ ಹೇಳಿರಲಿಲ್ವಾ?"

"ನನಗ್ಯಾಕೆ ಹೇಳ್ತಾರೆ? ಗೋಡೆಗೆ ಹೇಳಿರ್ತಾರೆ."

ಗವ್ರಿಲ್ ಅವಳ ಮುಂದಿನ ಸೀಟಿನಲ್ಲಿ ಹಿಂದಕ್ಕೆ ತಿರುಗಿ ಕೂತು ನಡೆದದ್ದನ್ನೆಲ್ಲ ಹೇಳಿದ.

* * *

ಈ ಬೋಗಿಯಲ್ಲಿ ಮೊದಲು ಸಣ್ಣ ಸಣ್ಣ ಕೋಣೆಗಳಿದ್ದವು, ಕೋಣೆಗೊಂದು ದೊಡ್ಡ ಕಿಟಕಿ. ದೊಡ್ಡ ಊರುಗಳ ನಡುವೆ ವೇಗದ ಗಾಡಿ ಬಿಡುವ ಕಾಲ ಬಂದಾಗ, ಕೋಣೆ ಒಡೆದು ಬಸ್ಸಿನ ಹಾಗೆ ಸಾಲು ಸೀಟು ಹಾಕಲು ಆದೇಶವಾಯಿತು. ನಿಕೊಡಿಮ್ ಅಳೆದು ನೋಡಿದ. ಒಂದು ಸಾಲು ಕಡಿಮೆ ಮಾಡಿದರೆ ಎಲ್ಲ ಸಾಲಿಗೂ ಕಿಟಕಿ ಸಿಗುತ್ತಿತ್ತು, ಇಲ್ಲವಾದರೆ ಒಂದು ಸೀಟಿಗೆ ಬರೀ ಗೋಡೆ. ಮೇಲಿನವರು ಒಂದು ಸಾಲನ್ನೂ ಬಿಡಲು ಒಪ್ಪಲಿಲ್ಲ. ಎರಡು ಸಲ ವಾದಿಸಿದ ಅವನು ಮೂರನೆಯ ಸಲ ನಕ್ಷೆಗೆ ಸಹಿ ಹಾಕಿದ.

ಗಾಡಿ ಹೊರಟ ಮೊದಲ ದಿನ ಆ ಸೀಟು ಒಬ್ಬ ಮುದುಕಿಯ ಪಾಲಿಗೆ ಬಂತು. ಕೆಳಗೆ ಮಗ ನಿಂತು ಕೈಬೀಸುತ್ತಿದ್ದ. ಗಾಡಿ ಜಗ್ಗಿತು. ಮುದುಕಿ ಕಿಟಕಿಗಾಗಿ ಗೋಡೆಯನ್ನು ಎರಡೂ ಕೈಯಿಂದ ತಡವಿದಳು. ಮಗ ಅಮ್ಮ ಎಲ್ಲೆಂದು ತಿಳಿಯದೆ ಯಾರ್ಯಾರದೋ ಕಿಟಕಿಗಳಿಗೆ ಕೈಬೀಸುತ್ತ ಹಿಂದುಳಿದ. ನಿಕೊಡಿಮ್ ಅದನ್ನು ಕಣ್ಣಾರೆ ಕಂಡ.

ವರ್ಷಗಳಾದ ಮೇಲೆ ಹೊಸ ಗಾಡಿಗಳು ಬಂದವು. ಹಳೆಯ ಬೋಗಿಯನ್ನು ಪ್ಯಾಸೆಂಜರಿಗೆ ಇಳಿಸಲು ಮತ್ತೆ ಕಾರ್ಖಾನೆಗೆ ತಂದರು. ಮೆತ್ತನೆಯ ಸೀಟು ತೆಗೆದು ಗಟ್ಟಿ ಸೀಟು ಹಾಕುವುದಷ್ಟೇ ಆದೇಶ, ಸಾಲು ಸರಿಪಡಿಸಲು ಈ ಸಲವೂ ಅನುಮತಿ ಸಿಗಲಿಲ್ಲ. ನಿವೃತ್ತಿಗೆ ವಾರವಿದ್ದಾಗ ನಿಕೊಡಿಮ್ ಯಾರನ್ನೂ ಕೇಳದೆ ಆ ಗೋಡೆಗೆ ಕನ್ನಡಿಯೊಂದನ್ನು ಬಿಗಿದ.

* * *

"ನಾನು ಕೂತ್ರೆ, ಆವತ್ತು ಇನ್ನೊಬ್ರು ಅಲ್ಲಿ ಕೂರೋದು ತಪ್ಪುತ್ತೆ ಅಂತಿದ್ರು," ಎಂದ ಗವ್ರಿಲ್.

"ಆ ಸೀಟಿನ ಪಾಪ ಅವರದು, ಸರಿ. ಅದಕ್ಕೆ ನನ್ನ ಕಡೆ ತಿರುಗಿಯೂ ನೋಡಬಾರದಿತ್ತಾ?"

ಅಗ್ಲಾಯಾ ತಟ್ಟೆಯನ್ನು ಗವ್ರಿಲ್‌ನ ಕೈಗಿತ್ತು, ನಡುದಾರಿ ದಾಟಿ, ಮೊದಲ ಬಾರಿಗೆ ಗಂಡನ ಜಾಗದಲ್ಲಿ ಕೂತಳು. ಕರಿಬಟ್ಟೆಯ ಅಂಚಿಗೆ ಕೈ ಹಾಕಿದಳು.

"ಅತ್ತಿಗೆ, ಬೇಡ. ಮಣ್ಣಾಗೋವರೆಗೂ ತೆಗೀಬಾರ್ದು."

ಅಗ್ಲಾಯಾ ತೆಗೆದಳು. ತನ್ನ ಅತ್ತ ಮುಖ ಕಾಣುತ್ತದೆಂದು ಮನಸ್ಸು ಗಟ್ಟಿಮಾಡಿಕೊಂಡಿದ್ದಳು. ಮುಖ ಕಾಣಲಿಲ್ಲ. ಕನ್ನಡಿಯನ್ನು ಓರೆಯಾಗಿ ಬಿಗಿದಿದ್ದ. ಅಲ್ಲಿ ಕೂತವನಿಗೆ ತನ್ನ ಮೀಸೆಯ ತುದಿಯೂ ಕಾಣುವಂತಿರಲಿಲ್ಲ. ಅದರ ತುಂಬ ಎದುರು ಬದಿಯ ಕಿಟಕಿಯಿತ್ತು, ಕಿಟಕಿಯಾಚೆ ಸಿರೆತ್ ನದಿ, ಈಚೆ ಅವಳು ಈಗಷ್ಟೇ ಎದ್ದುಬಂದ ಸೀಟು.

ಅವಳಿಗೆ ದುಃಖ ಒತ್ತರಿಸಿ ಬಂತು. ಹನ್ನೊಂದು ವರ್ಷ ಈ ಗಂಡಸಿನ ಬೆನ್ನಿಗೆ ಮನಸ್ಸಿನಲ್ಲೇ ಬೈದಿದ್ದಳು.

ಸಾಫ್ತಾ ಬಟ್ಟೆಗೆ ಕೈಚಾಚಿದಳು. ಅಗ್ಲಾಯಾ ಕೊಡಲಿಲ್ಲ. ತಟ್ಟೆ ಹಿಡಿದ ಗವ್ರಿಲ್ ಅವಳು ಬಿಟ್ಟುಬಂದ ಕಿಟಕಿ ಪಕ್ಕದ ಸೀಟಿನಲ್ಲಿ ಕೂರಹೋದ.

"ಅಲ್ಲಿ ಕೂರಬೇಡಪ್ಪ," ಎಂದಳು ಅಗ್ಲಾಯಾ.

ವಲೆನಿ ಬರುವವರೆಗೂ ಕರಿಬಟ್ಟೆ ಅವಳ ಮಡಿಲಲ್ಲೇ ಇತ್ತು. ಕನ್ನಡಿಯಲ್ಲಿ ಕಿಟಕಿಯ ಪಕ್ಕದ ಖಾಲಿ ಸೀಟು, ಅದರ ಹಿಂದೆ ನದಿಯ ನೀರು ಬಿಸಿಲಿಗೆ ಹೊಳೆಯುತ್ತ ಹೋಗುತ್ತಿತ್ತು.