ಒಂದು ತಾಸಿನ ಹೆಪ್ಪು

ಬೆಂಗಳೂರಿನಿಂದ ಹುಬ್ಬಳ್ಳಿಗೆ ವಿಮಾನದಲ್ಲಿ ಎಷ್ಟು ಹೊತ್ತಿನ ದಾರಿ ಎಂದು ಸಿದ್ದಕ್ಕ ಕೇಳಿದ್ದು ವಿಮಾನದ ಮೇಲಿನ ಬೆರಗಿಗಲ್ಲ, ಮೊಸರಿನ ಚಿಂತೆಗೆ.

ಬೊಮ್ಮನಹಳ್ಳಿಯ ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿಯುವ ಆಕೆ, ಧಾರವಾಡದ ಮಗಳ ಮನೆಗೆ ಹೊರಟಾಗಲೆಲ್ಲ ಬೆಚ್ಚನೆಯ ಹಾಲಿಗೆ ಹೆಪ್ಪು ಹಾಕಿ, ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಬಸ್ಸು ಹತ್ತುವಳು. ಬಸ್ಸು ಊರು ಮುಟ್ಟುವುದಕ್ಕೂ ಮೊಸರು ಗಟ್ಟಿಯಾಗುವುದಕ್ಕೂ ಸರಿಹೋಗುತ್ತಿತ್ತು. ಈ ಸಲ ಮಗಳು ಸುಮಂಗಲಾಳ ಸೀಮಂತದ ಕುಬಸ. ಬಸುರಿಗೆ ವಾರದಿಂದ ಊಟವೇ ಸೇರುತ್ತಿಲ್ಲ. ಅವ್ವನ ಮೊಸರನ್ನ ಒಂದೇ ಬೇಕೆಂದು ಹಟ.

ವಿಮಾನದ ಟಿಕೆಟ್ ತೆಗೆಸಿದವನು ಅಕ್ಕನ ಮಗ ಹಣಮಂತ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕ್ಯಾಬ್ ಓಡಿಸುತ್ತಾನೆ, ಬಿಡುವಿದ್ದಾಗ ಕಂಡವರ ದನಿ ಕದಿಯುತ್ತಾನೆ. ಫೋನು ನೋಡಿ, ಮೂಗು ಹಿಡಿದುಕೊಂಡು ಗಗನಸಖಿಯಾದ.

"ಪ್ರಯಾಣಿಕರೇ, ದೂರ ನಾನೂರು ಕಿಲೋಮೀಟರಿನೊಳಗ. ಹೊತ್ತು, ಒಂದು ತಾಸಿನ ಮ್ಯಾಲ ಒಂದೀಟು."

"ಒಂದ ತಾಸಾ? ಅಷ್ಟರಾಗ ಹಾಲು ಹಾಲಾಗೇ ಇರ್ತದಲ್ಲೋ."

ಬೆಳಗ್ಗೆ ಸಿದ್ದಕ್ಕ ಚಮಚ ಬಿಟ್ಟು ಸೌಟಿನಲ್ಲೇ ಹೆಪ್ಪು ಸುರಿದಳು.

ಬೊಮ್ಮನಹಳ್ಳಿಯಿಂದ ದೇವನಹಳ್ಳಿ. ಬೊಮ್ಮನಿಂದ ದೇವನ ತನಕದ ಈ ದಾರಿಯಲ್ಲಿ ಇಬ್ಬರನ್ನೂ ನೆನೆಯದೆ ಯಾರೂ ವಿಮಾನ ಹಿಡಿದಿಲ್ಲ. ಸಿಲ್ಕ್ ಬೋರ್ಡಿನಲ್ಲಿ ಹಣಮಂತನ ಕಾರು ನಿಂತಾಗ ಮುಚ್ಚಳ ಸರಿಸಿ ಇಣುಕಿದಳು. ಹಾಲು. ಹೆಬ್ಬಾಳದಲ್ಲಿ ಮತ್ತೆ ನಿಂತಿತು, ಮತ್ತೆ ಇಣುಕಿದಳು.

"ಹಣಮಾ, ವಿಮಾನ ಇನ್ನೂ ಕಂಡಿಲ್ಲ, ಮೊಸರು ಕಾಣಾಕ ಹತ್ತೇತಿ."

"ಟ್ರಾಫಿಕ್ಕಿಗೆ ನಾ ಏನ್ ಹೆಪ್ಪು ಹಾಕೀನೇನು ಚಿಗವ್ವ? ತಾನ ಗಟ್ಟಿ ಆಗೇತಿ."

ನಿಲ್ದಾಣದಲ್ಲಿ ತಪಾಸಣೆಯವನು ಡಬ್ಬಿ ತೆರೆಸಿದ. "ಹಾಲಾ, ಮೊಸರಾ?"

"ಮನಿ ಬಿಡೂವಾಗ ಹಾಲು, ಈಗ ಮೊಸರು. ವಿಮಾನ ತಡಾ ಆದ್ರ ಮಜ್ಜಿಗಿ, ಸಾಹೇಬ್ರ."

ಅವನು ನಕ್ಕು ಬಿಟ್ಟುಬಿಟ್ಟ. ವಿಮಾನ ತಡವೂ ಆಯಿತು. ಹಾರಿದ ಮೇಲೆ ಮಾತ್ರ ಫೋನಿನ ಮಾತು ಸುಳ್ಳಾಗಲಿಲ್ಲ. ಕೆಳಗಿನ ಕೆರೆ ಯಾವ ಊರಿನದೆಂದು ಸಿದ್ದಕ್ಕ ಯೋಚಿಸುತ್ತಿದ್ದಂತೆ ಹುಬ್ಬಳ್ಳಿ ಬಂದೇಬಿಟ್ಟಿತು. ಅಲ್ಲಿಂದ ಧಾರವಾಡಕ್ಕೆ ಮತ್ತೆ ಬಸ್ಸು.

ಮಗಳ ಅಡುಗೆಮನೆಯಲ್ಲಿ ಡಬ್ಬಿ ತೆರೆದರೆ ಹುಳಿ ವಾಸನೆ ಗಪ್ಪೆಂದು ಎದ್ದಿತು. ಸಿದ್ದಕ್ಕನ ಮುಖ ಸಪ್ಪಗಾಯಿತು. ಮುಚ್ಚಳ ಒತ್ತಿ, ಹಿತ್ತಲಿಗೆ ಹೋಗಿ ಫೋನು ಹಚ್ಚಿದಳು.

"ಹಣಮಾ, ಆ ಒಂದು ತಾಸು ಎಲ್ಲಿಂದ ಎಲ್ಲಿಗೋ?"

"ವಿಮಾನ ನಿಲ್ದಾಣದಿಂದ ವಿಮಾನ ನಿಲ್ದಾಣಕ್ಕ, ಚಿಗವ್ವ."

"ಅಲ್ಲಿ ಯಾರ ಮನಿ ಐತಿ?"

ಸಿದ್ದಕ್ಕ ಫೋನು ಇಟ್ಟಳು.

ಒಳಗೆ ಬಂದರೆ ಸುಮಂಗಲಾ ನೆಲದ ಮೇಲೆ ಕಾಲು ಚಾಚಿ ಕೂತಿದ್ದಳು. ಅನ್ನದ ಪಾತ್ರೆ ಪಕ್ಕದಲ್ಲಿ, ಡಬ್ಬಿ ತೊಡೆಯ ಮೇಲೆ. ಹುಳಿಗೆ ಒಂದು ಕಣ್ಣು ಮುಚ್ಚಿಕೊಂಡೇ ಡಬ್ಬಿಯ ತಳ ಬಳಿಯುತ್ತಿದ್ದಳು.

"ಬ್ಯಾಡವಾ, ಹುಳಿ ಆಗೇತಿ."

"ಅದಕ್ಕ ಒಳಗ ಇಳೀತು ನೋಡ. ಇನ್ಮ್ಯಾಲ ವಿಮಾನದಾಗ ಬಾ ಬೇ," ಎಂದು ಮಗಳು ಬೆರಳು ನೆಕ್ಕಿದಳು.